ಆ ಚಳಿಗಾಲದ ಸೊನ್ನೆಗಳು

ಮೌಲಾಸಾಬ್ ಕಾಕಾ, ಆ ಚಳಿಗಾಲದ ಸೊನ್ನೆಗಳನ್ನು ನೀವು ಬರೆದಿರಲಿಲ್ಲ. ಅವು ನನ್ನ ತಪ್ಪಿನಿಂದ ಬಂದವು. ಅದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತವಳು ನಾನು.

ಮಾಗಡಿ ಕೆರೆಯ ಹಕ್ಕಿಗಳನ್ನು ದಿನಾ ಬೆಳಿಗ್ಗೆ ಎಣಿಸಿ ಮೊಬೈಲಿನಲ್ಲಿ ದಾಖಲಿಸುವ ಕೆಲಸವನ್ನು ಗದಗಿನ ನಮ್ಮ ಹಕ್ಕಿಪ್ರೇಮಿಗಳ ಬಳಗ ನಿಮಗೆ ವಹಿಸಿತ್ತು. ಗಾದಿ ಹೊಲಿಯುವವರಿಗೆ ಇದೆಲ್ಲ ಎಲ್ಲಿ ಬರುತ್ತದೆ ಎಂದು ಕೆಲವರು ಮೂಗು ಮುರಿದಿದ್ದರು. ಎಣಿಕೆ ದಾಖಲಿಸಲು ಬೇಕಾದ ವೆಬ್‌ಸೈಟ್ ಮಾಡಿಕೊಟ್ಟವಳು ನಾನು. ನೀವು ಕನ್ನಡ ಅಂಕಿಗಳನ್ನೇ ಒತ್ತುತ್ತಿದ್ದಿರಿ. "ಶಾಲ್ಯಾಗ ಕಲಿತಿದ್ದು ಇವ ಅಂಕಿ, ಯವ್ವಾ" ಎಂದು ನಕ್ಕಿದ್ದಿರಿ. ಎರಡು ವರ್ಷ ಎಲ್ಲ ಸರಿಯಾಗಿ ನಡೆಯಿತು.

ಮೂರನೆಯ ವರ್ಷ, ಹಕ್ಕಿಗಳು ಬರುವ ಮೊದಲು, ಆ ವೆಬ್‌ಸೈಟಿಗೆ ಆಧಾರವಾಗಿದ್ದ ಫ್ರೇಮ್‌ವರ್ಕ್ ಎಂಬ ತಂತ್ರಾಂಶವನ್ನು ಹೊಸ ಆವೃತ್ತಿಗೆ ಬದಲಾಯಿಸಿದೆ. ಇಂಗ್ಲಿಷ್ ಅಂಕಿ ಒತ್ತಿ ನೋಡಿದೆ — ಸರಿಯಾಗಿತ್ತು. ಕನ್ನಡ ಅಂಕಿ ಒತ್ತಿ ನೋಡಲಿಲ್ಲ. ಹೊಸದಕ್ಕೆ ನಿಮ್ಮ ಅಂಕಿಗಳು ಅಂಕಿಗಳೇ ಅಲ್ಲ; ನೀವು ಎಷ್ಟೇ ಬರೆದರೂ ಅದು ಸೊನ್ನೆ ಎಂದು ಬರೆದುಕೊಂಡಿತು. ಇಂಗ್ಲಿಷ್ ಸೊನ್ನೆ, ಕನ್ನಡ ಸೊನ್ನೆ — ನೋಡಲು ಎರಡೂ ಒಂದೇ ಅಲ್ಲವೇ? ನೀವೇ ಕೈಯಾರೆ ಬರೆದಂತೆ ಕಂಡಿತು.

ಬಳಗದವರು ಸಿಟ್ಟಿಗೆದ್ದರು. ಕೆರೆ ತುಂಬ ಹಕ್ಕಿ ಇರುವಾಗ ದಿನಾ ಸೊನ್ನೆ ಎಂದರೆ ಈತ ಮನೆಯಲ್ಲೇ ಕೂತು ಒತ್ತಿದ್ದಾನೆ ಎಂದರು. ನಿಮ್ಮನ್ನು ಸಭೆಗೆ ಕರೆಸಿದರು. "ಎಣಿಸೀನ್ರಿ, ಖರೇನ ದಿನಾ ಎಣಿಸೀನಿ" ಎಂದು ನೀವು ನನ್ನ ಕಡೆ ನೋಡಿದಿರಿ. ಹಿಂದಿನ ದಿನವೇ ನನಗೆ ತಪ್ಪು ಸಿಕ್ಕಿತ್ತು, ಗುಟ್ಟಾಗಿ ಸರಿಪಡಿಸಿಯೂ ಆಗಿತ್ತು. ಆದರೂ ಹೇಳಿದೆ — "ವೆಬ್‌ಸೈಟ್ ಸರಿ ಐತ್ರಿ. ಕಾಕಾರ ಕೈ ತಪ್ಪಿರಬೇಕು." ಅಷ್ಟು ಹೊತ್ತಿಗೆ ಅದು ಸರಿ ಇತ್ತಲ್ಲ, ಇದು ಸುಳ್ಳು ಹೇಗಾದೀತು ಎಂದು ನನಗೆ ನಾನೇ — ಛೀ! ಎಣಿಸುವ ಕೆಲಸ ಬೇರೆಯವರಿಗೆ ಹೋಯಿತು.

ಕಳೆದ ಚಳಿಗಾಲದಲ್ಲಿ ಕೆರೆಗೆ ಬಂದೆ. ಏರಿಯ ಮೇಲೆ ನೀವು ನಿಂತಿದ್ದಿರಿ, ಯಾರೂ ಹೇಳದಿದ್ದರೂ. ಹಿಮಾಲಯ ದಾಟಿ ಬಂದ ಹೆಬ್ಬಾತುಗಳು ಒಮ್ಮೆಲೇ ಎದ್ದವು, ಕೆರೆಯೇ ಎದ್ದು ಹೊರಟ ಹಾಗೆ. ನಾನು ಮೊಬೈಲೆತ್ತಿ ಫೋಟೊ ತೆಗೆದೆ. ನಿಮ್ಮ ತುಟಿ ಮಾತ್ರ ಅಲುಗುತ್ತಿತ್ತು. ಹೆಬ್ಬೆರಳು ಹೊಲಿಗೆ ಹಾಕುವ ಹಾಗೆ ಬೆರಳಿನ ಗೆಣ್ಣುಗಳ ಮೇಲೆ ಓಡುತ್ತಿತ್ತು. ಒಂದು ಸಂಖ್ಯೆ ಹೇಳಿದಿರಿ. ನಾನು ಆ ಫೋಟೊವನ್ನು ಅಲ್ಲೇ ಕೂತು ದೊಡ್ಡದು ಮಾಡಿ ಒಂದೊಂದಾಗಿ ಎಣಿಸಿದೆ. ಎರಡೇ ಎರಡು ಹಕ್ಕಿ ವ್ಯತ್ಯಾಸ — ಆ ಎರಡನ್ನೂ ಬಿಟ್ಟವಳು ನಾನೇ ಇರಬೇಕು. ಮನುಷ್ಯನ ಕಣ್ಣಿಗೆ ಇಷ್ಟು ಸಾಧ್ಯವೇ ಎಂದು ಬೆರಗಾದೆ. ಇಂಥ ಕಣ್ಣಿಗೆ ನಾನು ಸೊನ್ನೆ ಕಟ್ಟಿದ್ದೆ.

ಹೊರಟಾಗ ಮೆಲ್ಲಗೆ ಕೇಳಿದಿರಿ: "ಆ ವರ್ಷ ನಾ ಎಲ್ಲಿ ತಪ್ಪಿದ್ನೋ ಯವ್ವಾ, ಇನ್ನೂ ತಿಳಿವಲ್ದು."

ಆಗಲೂ ನಾನು —

ಬರುವ ಭಾನುವಾರ ಬಳಗದ ಸಭೆಯಿದೆ. ಅದೇ ಜನರ ಮುಂದೆ ಈ ಕಾಗದ ಓದುತ್ತೇನೆ. ಕ್ಷಮೆ ಕೇಳಲು ನನಗೆ ಮುಖವಿಲ್ಲ. ನೀವು ಬಂದು ಮುಂದಿನ ಸಾಲಿನಲ್ಲಿ ಕೂತರೆ ಸಾಕು. ನೀವು ಎಲ್ಲೂ ತಪ್ಪಿರಲಿಲ್ಲ, ಕಾಕಾ.