ನಳಿಗೆಯ ಮೇಲಿನ ನಾಲ್ಕು ಬೆರಳು

ಮಗಳು ಹೊಲಿಗೆ ಮಷೀನಿಗೆ ಎಣ್ಣೆ ಬಿಟ್ಟಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತೇನೆ. ಆ ವಾಸನೆಗೆ ಕೂಡ್ಲಿಗಿ ಕಡೆಯ ನನ್ನ ತವರಿನ ಮಣ್ಣಿನ ಮಾಳಿಗೆ ಮನೆ ಕಣ್ಣೆದುರು ನಿಲ್ಲುತ್ತದೆ. ಈಗ ಅಲ್ಲಿ ಜಾಲಿ ಬೆಳೆದಿದೆ. ನಾನು ಓದಿದ್ದು ಮೂರನೇ ಕ್ಲಾಸು, ಬೇಗ ಮದುವೆಯಾಗಿ ಬೇಗ ಅಜ್ಜಿಯಾದವಳು. ಬರೆಯುವುದು ಅಂಕುಡೊಂಕು, ಆದರೆ ಸುಳ್ಳು ಬರೆಯುವುದಿಲ್ಲ. ಇದೊಂದನ್ನು ಮುಚ್ಚಿಟ್ಟಿದ್ದೇ ಸಾಕು.

ಹೊಲಕ್ಕೆ ಬರುವ ಕಾಡುಹಂದಿ ಬೆದರಿಸಲು ಅಪ್ಪನ ಹೆಸರಿನಲ್ಲಿ ಒಂದು ಬಂದೂಕಿತ್ತು. ಶೇಂಗಾ ಕಿತ್ತಾದ ಮೇಲೆ, ಮುಂದಿನ ವರ್ಷ ಕಾಯಿ ಕಟ್ಟುವವರೆಗೂ ಅದಕ್ಕೆ ಕೆಲಸವಿಲ್ಲ. ಅಪ್ಪ ನಳಿಗೆಯೊಳಗೆ ಎಣ್ಣೆಬಟ್ಟೆ ಸುತ್ತಿದ ಕೋಲಾಡಿಸಿ, ಹೊರಗೆಲ್ಲ ಮಷೀನ್ ಎಣ್ಣೆ ತೆಳ್ಳಗೆ ಸವರಿ, ಹಳೆಯ ಪಂಚೆಯಲ್ಲಿ ಸುತ್ತಿ ಜಂತಿಗೆ ಕಟ್ಟುತ್ತಿದ್ದ. ಬಂದೂಕಿನ ಚರ್ಮದ ಚೀಲ ಮಾತ್ರ ಗೂಟಕ್ಕೆ ಖಾಲಿ ತೂಗುತ್ತಿತ್ತು. ಅದರಲ್ಲಿಟ್ಟರೆ ಪಸೆ ಹಿಡಿಯುತ್ತದಂತೆ. ಯಾರೂ ನಳಿಗೆ ಮುಟ್ಟಬಾರದು. "ಉಪ್ಪಿನ ಕೈ ಕಬ್ಬಿಣ ತಿಂತೈತಿ" ಎನ್ನುತ್ತಿದ್ದ. ಅಪ್ಪನ ತಮ್ಮ, ನಮ್ಮ ಕಾಕ, ಮೊಲ ಹೊಡೆಯಲು ಎಷ್ಟು ಸಲ ಕೇಳಿದರೂ ಕೊಟ್ಟಿರಲಿಲ್ಲ.

ನನಗಾಗ ಎಂಟೋ ಒಂಬತ್ತೋ. ಮಳೆಗಾಲದ ಒಂದು ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋಗಿದ್ದರು. ಹುಣಸೆಹಣ್ಣು, ಉಪ್ಪು, ಬೆಲ್ಲ ಹಾಕಿ ಕುಟ್ಟಿದ ಚಿಗಳಿಯನ್ನು ಕಾಕ ನನಗೆಂದೇ ಮಾಡಿಟ್ಟು ಹೋಗಿದ್ದ. ಅದನ್ನು ನೆಕ್ಕುತ್ತಲೇ ಜೋಳದ ಚೀಲ ಹತ್ತಿದೆ. ಪಂಚೆ ಸಡಿಲಿಸಿ ನಳಿಗೆಯನ್ನು ಹಿಡಿದೆ. ತಣ್ಣಗಿತ್ತು. ಹೆದರಿಕೆಯಾಗಿ ಮತ್ತೆ ಸುತ್ತಿ ಇಳಿದೆ. ಅಷ್ಟೇ.

ಶೇಂಗಾ ಕಾಯಿ ಕಟ್ಟಿದಾಗ ಅಪ್ಪ ಬಂದೂಕು ಬಿಚ್ಚಿದ. ನಳಿಗೆಯ ಮೇಲೆ ನಾಲ್ಕು ಬೆರಳು ತುಕ್ಕಾಗಿ ಕೆಂಪಗೆ ಮೂಡಿದ್ದವು.

"ಲೇ, ಕದ್ದು ತಗಂಡು ಹೋಗಿದ್ಯಲ್ಲ?" ಅಪ್ಪ ಕಾಕನ ಕಡೆ ತಿರುಗಿದ.

ಕಾಕ ಮೊದಲು ನಕ್ಕ. "ನಿನ್ನ ಬಂದೂಕಿಗಿಂತ ನಮ್ಮವ್ವನ ಒನಕಿ ಚಲೋ ಅಣ್ಣ. ತುಕ್ಕೂ ಹಿಡಿಯಂಗಿಲ್ಲ, ತಂಟೀನೂ ಇಲ್ಲ."

"ಹಂಗಾದ್ರ ತುಕ್ಕು ತಾನ ಬೆರಳು ಬರಕಂತೇನು?"

"ನನ್ನ ಕಳ್ಳ ಅಂತೀಯೇನಣ್ಣ?" ಕಾಕನ ನಗು ಹೋಗಿತ್ತು.

ಅಪ್ಪ ಎಣ್ಣೆಬಟ್ಟೆ ತಗೊಂಡು ಆ ಕಲೆ ತಿಕ್ಕತೊಡಗಿದ. ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆ, ಬಾಯಿ ಬಿಡಲಿಲ್ಲ. ಅಂದಿನಿಂದ ಅಪ್ಪ ಕಣಜಕ್ಕೂ ಕೀಲಿ ಹಾಕಿದ. ಕಾಕ ಉಂಡೆದ್ದ ಮೇಲೆ ತಾಟುಗಳನ್ನೂ ಎಣಿಸಿದ. ದೀಪಾವಳಿಗೆ ಮುಂಚೆಯೇ ಕಾಕ ಹೆಂಡತಿಯನ್ನು ಕರೆದುಕೊಂಡು ಹಗರಿಬೊಮ್ಮನಹಳ್ಳಿಗೆ ಹೋದ. ಮತ್ತೆ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಅಲ್ಲೇ ಸತ್ತ.

ಎರಡು ಸಾವಿರ ಇಸವಿ ದಾಟಿದ ಮೇಲೆ, ಕಣ್ಣು ಮಂಜಾದ ಅಪ್ಪ ಬಂದೂಕನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಲು ಹೊರಟ. ನಾನೇ ಒರೆಸಿದೆ. ಎಷ್ಟು ತಿಕ್ಕಿದರೂ ಆ ಕಲೆ ಹೋಗಲಿಲ್ಲ, ಕಬ್ಬಿಣವನ್ನೇ ತಿಂದಿತ್ತು. ಬೆರಳಿಟ್ಟು ನೋಡಿದೆ. ನನ್ನ ಬೆರಳು ಆ ಗುರುತಿಗಿಂತ ದಪ್ಪವಾಗಿದ್ದವು.

"ಬಿಡು, ಅದು ಹೋಗಂಗಿಲ್ಲ" ಎಂದ ಅಪ್ಪ, ನನ್ನ ಮುಖ ನೋಡದೆ.

ಕಾಕನದು ನೇಗಿಲು ಹಿಡಿದ ಅಗಲ ಕೈ. ಅಷ್ಟು ಸಣ್ಣ ಬೆರಳು ಆ ಮನೆಯಲ್ಲಿ ನನಗೊಬ್ಬಳಿಗೇ ಇದ್ದವು. ಆಗ ಅಪ್ಪನ ಕಣ್ಣು ಚೆನ್ನಾಗಿಯೇ ಇದ್ದವು. ಕಂಡೂ ಸುಮ್ಮನಿದ್ದನೇ ಎಂಬ ಗುಮಾನಿ ನನಗೆ ಇವತ್ತಿಗೂ ಇದೆ. ಕೇಳಲಿಲ್ಲ, ಕೇಳಿದ್ದರೆ ನನ್ನದನ್ನೂ ಹೇಳಬೇಕಿತ್ತು. ಈಗ ಅವನೂ ಇಲ್ಲ.

ಮಷೀನಿನ ಎಣ್ಣೆ ವಾಸನೆ ಬಂದರೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂರುತ್ತೇನೆ. ಕೈಯಲ್ಲಿ ಏನೂ ಇರುವುದಿಲ್ಲ. ಆದರೂ ಸೆರಗಿಗೆ ಒರೆಸಿಕೊಳ್ಳುತ್ತೇನೆ.