ಹೋಗಬೇಕಾದ್ದು ಡೀಸೆಲ್: ಹಮೀದಾ ಬೇಗಂ ಅವರ ಸೇವೆಯ ನೆನಪು

ವಾಹನ ಉದ್ಯಮದಲ್ಲಿ ಇಂಧನ ಸುರಕ್ಷತೆಯ ನಿಯಮಗಳನ್ನು ಗೋಡೆಯ ಫಲಕದಿಂದ ಅಂಗಳದ ದಿನಚರಿಗೆ ತಂದವರು ಯಾರೆಂದು ಕೇಳಿದರೆ, ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಎಲ್ಲರೂ ಹೇಳುವ ಹೆಸರು ಶ್ರೀಮತಿ ಹಮೀದಾ ಬೇಗಂ ಅವರದು. ನಮ್ಮ ವಾಹನ ಮಾಲೀಕರ ಸಂಘದ ಸುರಕ್ಷತಾಧಿಕಾರಿ ಹುದ್ದೆಯಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಶಿಡ್ಲಘಟ್ಟದ ಕಚೇರಿಯಲ್ಲಿ ಅವರ ಸಹೋದ್ಯೋಗಿಯಾಗಿದ್ದ ನನಗೆ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ.

ರೇಷ್ಮೆ ವ್ಯಾಪಾರದ ಮನೆತನದಲ್ಲಿ ಹುಟ್ಟಿ, ರಸಾಯನಶಾಸ್ತ್ರ ಓದಿ ಅವರು ಸಂಘಕ್ಕೆ ಬಂದಾಗ, ಹೆಂಗಸೊಬ್ಬರು ಗ್ಯಾರೇಜು ತಪಾಸಣೆ ಮಾಡುವುದನ್ನು ಕಂಡು ನಕ್ಕವರೇ ಹೆಚ್ಚು. ನಕ್ಕವರಿಗೂ ಅವರು ಟೀ ತರಿಸುತ್ತಿದ್ದರು; ಆದರೆ ಬೀಡಿ ಆರಿಸುವವರೆಗೆ ಮಾತು ಆರಂಭಿಸುತ್ತಿರಲಿಲ್ಲ.

ಚಿಂತಾಮಣಿಯ ಲಾರಿ ಮಾಲೀಕ ನಲ್ಲಪ್ಪನವರು ಡೀಸೆಲ್ ಪೀಪಾಯಿಗಳನ್ನು ಒಂದು ಕೋಣೆಯಲ್ಲಿ ತುಂಬಿಟ್ಟಿದ್ದರು. ಅದರ ಗೋಡೆಗೆ ಒತ್ತಿಕೊಂಡ ಶೆಡ್ಡಿನಲ್ಲಿ ಟೊಮೆಟೊ ಲೋಡು ಮಾಡುವ ಹೆಂಗಸರು ಒಲೆ ಹಚ್ಚಿ ಅಡುಗೆ ಮಾಡುತ್ತಿದ್ದರು. ತಪಾಸಣೆಗೆ ಹೋದ ಹಮೀದಾ ಅವರು ಪೀಪಾಯಿಗಳನ್ನು ಅಲ್ಲಿಂದ ತೆಗೆಸಲು ಹೇಳಿದರು.

"ನಮ್ಮಪ್ಪನ ಕಾಲದಿಂದ ಇಲ್ಲೇ ಇಟ್ಟಿದೀವಿ ಮೇಡಂ. ಏನಾಗಿದೆ?" ಎಂದರು ನಲ್ಲಪ್ಪನವರು.

"ಆಗಿಲ್ಲ ಅಂತಲೇ ಬಂದಿದೀನಿ ಕಣಪ್ಪ. ಆದ್ಮೇಲೆ ಬಂದು ಏನು ಮಾಡ್ಲಿ?"

"ಸರಿ ಬಿಡಿ, ಈ ಹೆಂಗಸ್ರನ್ನ ಹೊರಗೆ ಕಳಿಸ್ತೀನಿ."

ಅವರಲ್ಲಿ ಹಿರಿಯಳಾದ ಮಂಗಮ್ಮ ಸಿಟ್ಟಿನಿಂದ ಎದ್ದಳು: "ನಿಮ್ಮಿಂದ ನಮ್ಮ ನೆರಳೂ ಹೋಯ್ತಲ್ಲಮ್ಮ!"

ಹಮೀದಾ ಅವರು ಒಲೆಯ ಕೆಂಡಕ್ಕೆ ನೀರು ಸುರಿಸಿ, ಆ ಹೆಂಗಸರ ನಡುವೆಯೇ ಕುಳಿತುಬಿಟ್ಟರು. "ಹೋಗಬೇಕಾದ್ದು ಡೀಸೆಲ್, ಇವರಲ್ಲ. ಅದು ಹೋಗೋವರೆಗೂ ನಾನೂ ಇಲ್ಲೇ ಇರ್ತೀನಿ."

ಸಂಜೆಯ ಹೊತ್ತಿಗೆ ನಲ್ಲಪ್ಪನವರು ಸೋತರು. ಪೀಪಾಯಿಗಳು ಅಂಗಳದ ದೂರದ ಮೂಲೆಗೆ ಹೋದವು. ಚೆಲ್ಲಿದ ಎಣ್ಣೆ ಹರಿಯದಂತೆ ಸುತ್ತ ಮೋಟುಗೋಡೆ ಎದ್ದಿತು. ಮರಳಿನ ಬಕೆಟ್ಟುಗಳೂ ಬೆಂಕಿ ಆರಿಸುವ ನೊರೆಯ ಸಿಲಿಂಡರುಗಳೂ ಬಂದವು. ಅದನ್ನೆಲ್ಲ ಬಳಸುವುದನ್ನು ಚಾಲಕರಿಗೆ ಅವರೇ ಕಲಿಸಿದರು.

ಮರುವರ್ಷದ ಬೇಸಿಗೆಯಲ್ಲಿ ಡೀಸೆಲ್ ಇಳಿಸುವಾಗ ಪೈಪು ಕಳಚಿ, ಲಾರಿಯ ಬ್ಯಾಟರಿಯ ಕಿಡಿಯಿಂದ ಬೆಂಕಿ ಹತ್ತಿತು. ಎಣ್ಣೆ ಮೋಟುಗೋಡೆ ದಾಟಲಿಲ್ಲ. ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಚಾಲಕರೇ ಬೆಂಕಿ ಆರಿಸಿದ್ದರು. ಮೊದಲು ಕಚೇರಿಗೆ ಫೋನು ಮಾಡಿದವಳು ಮಂಗಮ್ಮ: "ಅಮ್ಮಾ, ಯಾರಿಗೂ ಏನೂ ಆಗ್ಲಿಲ್ಲ. ನಾವು ಈ ಕಡೆ ನಮ್ಮ ಶೆಡ್ಡಲ್ಲೇ ಊಟ ಮಾಡ್ತಾ ಇದ್ವಿ." ಫೋನು ಕೆಳಗಿಟ್ಟು ಹಮೀದಾ ಅವರು ಅತ್ತರು. ಅವರ ಕಣ್ಣೀರನ್ನು ನಾನು ಕಂಡದ್ದು ಅಂದು ಮಾತ್ರ.

ಆಮೇಲೆ ಮಂಚೇನಹಳ್ಳಿ, ಮೇಲೂರುಗಳ ಮಾಲೀಕರನ್ನು ಒಪ್ಪಿಸಲು ಅವರ ಜತೆ ಊರೂರು ಅಲೆದವರು ಅದೇ ನಲ್ಲಪ್ಪನವರು.

ನಿವೃತ್ತಿಯ ನಂತರವೂ ಚಾಲಕರಿಗೆ ತರಬೇತಿ ನೀಡಲು ಅವರು ಒಪ್ಪಿರುವುದು ನಮ್ಮ ಪುಣ್ಯ. ಹಮೀದಾ ಬೇಗಂ ಅವರು ನೂರು ಕಾಲ ಆರೋಗ್ಯದಿಂದಿರಲಿ. ಅವರು ಬರುತ್ತಾರೆಂದರೆ ಮಾಲೀಕರು ಇನ್ನೂ ಬಹುಕಾಲ ಗಡಿಬಿಡಿಗೊಳ್ಳಲಿ, ಕೆಲಸದವರು ಬಹುಕಾಲ ನಿಶ್ಚಿಂತೆಯಿಂದ ಊಟಕ್ಕೆ ಕೂರಲಿ.