ಗ್ರಾಮಸಭೆಯಲ್ಲಿ ಒಂದೇ ಕೈ

ಮೊನ್ನೆ ಕುದೂರು ಬಸ್ಸಿನಲ್ಲಿ ಪಕ್ಕ ಕೂತವರ ಕಂಬಳಿಯಿಂದ ಕುರಿಯ ವಾಸನೆ ಬಂತು. ನಾನು ಇಳಿಯಬೇಕಾದ ಊರು ದಾಟಿಹೋದದ್ದೇ ತಿಳಿಯಲಿಲ್ಲ. ಪಕ್ಕದ ಮನೆಯ ಅಕ್ಕ ನೆನಪಾಗಿದ್ದರು...

ಅಕ್ಕ ಕುರಿ ಸಾಕಿದ್ದರು. ಅವರ ಮೊಮ್ಮಗಳು ಓದುತ್ತಿದ್ದ ಊರ ಶಾಲೆ ಮಾಗಡಿ ರಸ್ತೆಗೆ ಅಂಟಿಕೊಂಡೇ ಇತ್ತು, ಕಾಂಪೌಂಡ್ ಇರಲಿಲ್ಲ. ಗಂಟೆ ಹೊಡೆದರೆ ಮಕ್ಕಳು ಜಲ್ಲಿ ಲಾರಿಗಳ ಎದುರಿಗೇ ಓಡುತ್ತಿದ್ದರು. ಮನೆ ಕಂದಾಯ ಸ್ವಲ್ಪ ಏರಿಸಿದರೆ ಗೋಡೆ, ಗೇಟು ಕಟ್ಟಿಸಬಹುದು, ಆದರೆ ಗ್ರಾಮಸಭೆ ಒಪ್ಪಬೇಕು ಎಂದಿತು ಪಂಚಾಯ್ತಿ. ಒಪ್ಪಿಸಲು ಅಕ್ಕ ಮನೆಮನೆ ಸುತ್ತಿದರು.

“ನನ್ ಕುರಿಗೆ ಬೇಲಿ ಐತೆ, ಮಕ್ಳಿಗಿಲ್ವಲ್ಲೋ ತಮ್ಮ. ಒಸಿ ಕಂದಾಯ ಜಾಸ್ತಿ ಕಟ್ಟುದ್ರೆ ಸತ್ತೋಗ್ತೀವಾ? ಸಭೇಲಿ ಕೈ ಎತ್ತು. ಎತ್ತದೇ ಇದ್ರೆ ನಿನ್ ಜಗಲಿ ಮ್ಯಾಲೇ ಕುರಿ ಕೂಡ್ತೀನಿ ನೋಡು!”

“ಎತ್ತೀನಿ ಬುಡಕ್ಕ” ಎಂದು ನಕ್ಕೆ.

ಸಭೆಯಲ್ಲಿ, ಹೈಸ್ಕೂಲು ಓದಿದವನೆಂದು ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಒಪ್ಪಿಗೆ ಇರುವವರು ಕೈ ಎತ್ತಿ ಎಂದು ಪಂಚಾಯ್ತಿ ಅಧ್ಯಕ್ಷರು ಕೇಳಿದಾಗ ಅಕ್ಕನ ಕೈ ಮೇಲೆದ್ದಿತು. ಇನ್ನಿಬ್ಬರು ಎತ್ತಲಿ, ಆಮೇಲೆ ನಾನು ಎಂದುಕೊಂಡೆ... ದುಡ್ಡಿನ ಆಸೆಯೇ? ಅಲ್ಲ. ಹೆದರಿಕೆಯೇ? ಯಾರಿಗೆ? ಇವತ್ತಿಗೂ ನನಗೆ ಗೊತ್ತಾಗಿಲ್ಲ. ಬೇರೆ ಯಾರ ಕೈಯೂ ಏಳಲಿಲ್ಲ, ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋಗಿಬಿಟ್ಟರು.

ಹೊರಗೆ ಬಂದಾಗ ಹಿಂದೆ ಕೂತಿದ್ದವರೊಬ್ಬರು, “ಓದ್ದೋರು ನೀವೇ ಎತ್ನಿಲ್ಲ, ಏನೋ ಇರ್ಬೇಕು ಅಂತ ನಾವೂ ಸುಮ್ಕಾದೊ” ಎಂದರು. ನಾನು ಅವರ ಕೈ ಏಳಲೆಂದು ಕಾಯುತ್ತಿದ್ದೆನಲ್ಲ!

ಅಕ್ಕ ಬೈಯಲಿಲ್ಲ. ಮಾರನೆಯ ದಿನದಿಂದ ಶಾಲೆ ಬಿಡುವ ಹೊತ್ತಿಗೆ ಕುರಿಮಂದೆಯನ್ನು ರಸ್ತೆಗೆ ಅಡ್ಡ ಬಿಡತೊಡಗಿದರು. ಲಾರಿಗಳು ನಿಲ್ಲಲೇಬೇಕಾಯಿತು. “ವಡ್ಕೊಳೋ ಹಾರನ್ನು, ನನ್ ಕುರಿಗೆ ಕಿವಿ ಕೇಳಕಿಲ್ಲ!” ಎಂದು ಡ್ರೈವರುಗಳನ್ನು ಅಣಕಿಸುತ್ತಿದ್ದರು. ಮಕ್ಕಳು ಕುರಿಗಳ ನಡುವೆ ನಗುತ್ತಾ ದಾಟುತ್ತಿದ್ದರು.

ತಪ್ಪೊಪ್ಪಿಕೊಳ್ಳಲೆಂದು ಒಮ್ಮೆ ಅವರ ಎದುರು ನಿಂತೆ. “ಅಕ್ಕ, ಅವತ್ತು ಸಭೇಲಿ...”

“ಯಾವತ್ತಪ್ಪ? ದಾರಿ ಬುಡು, ಗಂಟೆ ಹೊಡುದ್ರು.”

ಮರೆತಿದ್ದರೋ, ಮರೆತವರಂತೆ ಇದ್ದರೋ...

ಅಕ್ಕ ತೀರಿಕೊಂಡು ವರ್ಷವಾಗುತ್ತಾ ಬಂತು. ಮನೆಯವರು ಕುರಿ ಮಾರಿದರು. ಗೋಡೆ ಇನ್ನೂ ಬಂದಿಲ್ಲ. ಸಭೆಯಲ್ಲಿ ಆ ಮಾತು ಮತ್ತೆ ಯಾರೂ ತೆಗೆದಿಲ್ಲ, ನಾನೂ ತೆಗೆದಿಲ್ಲ. ಸಂಜೆ ಶಾಲೆ ಬಿಟ್ಟಾಗ ಮಕ್ಕಳು ರಸ್ತೆಯಂಚಿನಲ್ಲಿ ನಿಂತು, ಕುರಿ ಬರುತ್ತಿದ್ದ ಕಡೆ ಒಂದು ಗಳಿಗೆ ನೋಡುತ್ತಾರೆ. ಆಮೇಲೆ ಓಡುತ್ತಾರೆ.